ಉಣ್ಣಿ, ಚಿಗಟ ಮತ್ತು ಗೋಡೆಯ ಸಂದಿ: ಪರೀಕ್ಷೆಗೆ ಮುಂಚಿನ ಟಿಪ್ಪಣಿ

ನಾಯಿ-ಬೆಕ್ಕಿನ ಉಣ್ಣಿ, ಚಿಗಟದ ಅಧ್ಯಾಯ ಓದುವಾಗ ನಾನು ಮೊದಲು ಔಷಧಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿದೆ. ಹೆಸರುಗಳು ನೆನಪಿದ್ದವು, ಆದರೆ ಅವು ಯಾಕೆ ಸೋಲುತ್ತವೆ ಅನ್ನೋದು ತಲೆಗೆ ಹತ್ತಲಿಲ್ಲ. ಅದು ಹತ್ತಿದ್ದು ಹೋದ ಬೇಸಿಗೆಯಲ್ಲಿ, ಮುಧೋಳ ಕಡೆಯ ನಮ್ಮ ಕಾಕಾನ ಮನೆಯಲ್ಲಿ.

ಕಾಕಾನ ಹತ್ತಿರ ಒಂದು ಮುಧೋಳ ನಾಯಿ ಇದೆ. ಸಣ್ಣ ಕೂದಲಿನ, ಮೈಗೆ ಅಂಟಿದ ಚರ್ಮದ ಜಾತಿ. ಉಣ್ಣಿ ಕೂತರೆ ದೂರದಿಂದಲೇ ಕಾಣುತ್ತದೆ. ತಿಂಗಳಿಗೊಮ್ಮೆ ಕುತ್ತಿಗೆಗೆ ಡ್ರಾಪ್ಸ್ ಹಾಕುತ್ತಿದ್ದರು, ಆದರೂ ಉಣ್ಣಿ ತಪ್ಪುತ್ತಿರಲಿಲ್ಲ. "ಔಷಧನ ಡುಪ್ಲಿಕೇಟ್ ಇರಬೇಕು ನೋಡೋ ತಮ್ಮಾ" ಅಂತ ಕಾಕಾ ಅಂದರು. ರಾತ್ರಿ ಟಾರ್ಚ್ ಹಿಡಿದು ನಾಯಿ ಮಲಗುವ ಮೂಲೆಗೆ ಹೋದೆವು. ಕಲ್ಲಿನ ಗೋಡೆ. ನೆಲದ ಹತ್ತಿರ ಏನೂ ಇಲ್ಲ. ನನ್ನ ತಲೆಯ ಎತ್ತರದಲ್ಲಿ, ಎರಡು ಕಲ್ಲುಗಳ ಸಂದಿಯಲ್ಲಿ, ಕಂದು ಬಣ್ಣದ ಉಣ್ಣಿಗಳ ಸಂತೆಯೇ ನೆರೆದಿತ್ತು.

ನಮ್ಮ ಊರುಗಳಲ್ಲಿ ನಾಯಿಗೆ ಹತ್ತುವ ಮುಖ್ಯ ಉಣ್ಣಿ ಇದೇ: ಕಂದು ನಾಯಿ ಉಣ್ಣಿ, ರೈಪಿಸೆಫಾಲಸ್ ಸ್ಯಾಂಗ್ವಿನಿಯಸ್. ಇದಕ್ಕೆ ಕಾಡು, ಹುಲ್ಲು ಏನೂ ಬೇಕಿಲ್ಲ. ಮನೆಯೊಳಗೇ ಮೊಟ್ಟೆಯಿಂದ ಮೊಟ್ಟೆಯವರೆಗೆ ಸಂಸಾರ ಮುಗಿಸುತ್ತದೆ. ನಾಯಿಯ ಮೈಯಿಂದ ಉದುರಿದ ಮೇಲೆ ಮೇಲಕ್ಕೆ ಹತ್ತುವ ಸ್ವಭಾವ ಅದರದು. ಹಾಗಾಗಿ ಗೋಡೆ ಬಿರುಕು, ಬಾಗಿಲ ಚೌಕಟ್ಟು, ಮಾಳಿಗೆಯ ತೊಲೆಯ ಸಂದಿಗಳಲ್ಲಿ ಹುಡುಕಬೇಕು. ನಾವೋ ನೆಲ ಮಾತ್ರ ಒರೆಸುತ್ತೇವೆ.

ಇಲ್ಲಿ ಒಂದು ಹೋಲಿಕೆ ಚೆನ್ನಾಗಿ ತಿಳಿದುಕೊಳ್ಳಿ, ಪರೀಕ್ಷೆಗೂ ಬರುತ್ತದೆ. ದನದ ಉಣ್ಣಿ (ರೈಪಿಸೆಫಾಲಸ್ ಮೈಕ್ರೋಪ್ಲಸ್) ಒಂದೇ ಆಸರೆಯದು; ಆಸರೆ ಅಂದರೆ ರಕ್ತ ಕುಡಿಯಲು ಹತ್ತುವ ಪ್ರಾಣಿ. ಮರಿಯಾಗಿ ಹಸುವಿನ ಮೈ ಹತ್ತಿದರೆ ಸುಮಾರು ಮೂರು ವಾರ ಅಲ್ಲೇ ಬೆಳೆದು, ರಕ್ತ ಕುಡಿದು ದಪ್ಪಗಾದ ಹೆಣ್ಣು ಕೊನೆಗೆ ಮೊಟ್ಟೆ ಇಡಲು ಮಾತ್ರ ಇಳಿಯುತ್ತದೆ. "ಕೆಚ್ಚಲಲ್ಲಿದ್ದ ಉಣ್ಣಿಗೆ ಹಾಲಿನ ರುಚಿ ಗೊತ್ತಿಲ್ಲ" ಅಂತಾರಲ್ಲ, ಆ ಉಣ್ಣಿ ಹಸುವನ್ನು ಬಿಟ್ಟು ಕದಲುವುದೇ ಇಲ್ಲ. ನಾಯಿಯ ಉಣ್ಣಿ ಮೂರು ಆಸರೆಯದು. ಆರು ಕಾಲಿನ ಮರಿ ರಕ್ತ ಕುಡಿದು ಇಳಿಯುತ್ತದೆ, ಪೊರೆ ಬಿಟ್ಟು ಎಂಟು ಕಾಲಿನದಾಗುತ್ತದೆ. ಮತ್ತೆ ಹತ್ತಿ, ಕುಡಿದು, ಇಳಿದು ಬಲಿತ ಉಣ್ಣಿಯಾಗುತ್ತದೆ. ಮೂರನೇ ಸಲ ಹತ್ತಿ ಕುಡಿದ ಹೆಣ್ಣು ಇಳಿದು ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಒಂದೇ ಹೆಣ್ಣು 4,000ದವರೆಗೂ. ಮೂರು ಸಲವೂ ಅದೇ ನಾಯಿ ಸಿಕ್ಕರೂ ಅದಕ್ಕೆ ಅಡ್ಡಿಯಿಲ್ಲ. ಒಟ್ಟು ಆಯುಷ್ಯದಲ್ಲಿ ನಾಯಿಯ ಮೇಲೆ ಇರುವುದು ಕೆಲವೇ ದಿನ. ಉಳಿದದ್ದೆಲ್ಲ ಗೋಡೆಯಲ್ಲಿ, ಅದೂ ತಿಂಗಳುಗಟ್ಟಲೆ ಉಪವಾಸ ಇದ್ದುಕೊಂಡು. ಹಸುವಿಗೆ ಮೈ ತೊಳೆದು ಗೆದ್ದ ಲೆಕ್ಕವನ್ನೇ ಕಾಕಾ ನಾಯಿಗೂ ಹಾಕಿದ್ದರು. ಸೋತದ್ದು ಅಲ್ಲೇ.

ಚಿಗಟದ ಕಥೆಯೂ ಹೆಚ್ಚು ಕಡಿಮೆ ಇದೇ, ಆದರೆ ಜಾಗ ಬೇರೆ. ಬೆಕ್ಕಿನ ಚಿಗಟ (ಟೆನೊಸೆಫಾಲಿಡಿಸ್ ಫೆಲಿಸ್) ಹೆಸರಿಗೆ ಮಾತ್ರ ಬೆಕ್ಕಿನದು, ನಾಯಿಗೂ ಹತ್ತುತ್ತದೆ. ಬಲಿತ ಚಿಗಟ ಮೈ ಬಿಟ್ಟು ಹೋಗುವುದು ಕಡಿಮೆ, ಉದುರುವುದು ಮೊಟ್ಟೆ. ದಿನಕ್ಕೆ 40-50. ನಾಯಿ ಮಲಗುವ ಹಳೇ ಕೌದಿ ಇದೆಯಲ್ಲ, ಅದೇ ಅವುಗಳ ತೊಟ್ಟಿಲು. ಮರಿಹುಳು ತಿನ್ನುವುದು ದೊಡ್ಡ ಚಿಗಟದ ಹಿಕ್ಕೆಯನ್ನು, ಅಂದರೆ ಒಣಗಿದ ರಕ್ತವನ್ನು. ಮೈಯಿಂದ ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ನೋಡಿ. ಕೆಂಪು ಬಿಟ್ಟರೆ ಅದು ಚಿಗಟದ್ದು, ಇಲ್ಲದಿದ್ದರೆ ಬರೀ ಮಣ್ಣು.

ಪುಸ್ತಕಗಳಲ್ಲಿ ಒಂದು ಒರಟು ಲೆಕ್ಕ ಕೊಡುತ್ತಾರೆ: ಒಂದು ಮನೆಯ ಚಿಗಟಗಳಲ್ಲಿ ಶೇ. 50 ಮೊಟ್ಟೆ, ಶೇ. 35 ಮರಿಹುಳು, ಶೇ. 10 ಗೂಡಿನೊಳಗಿನ ಪ್ಯೂಪಾ (ಮರಿಹುಳು ಚಿಗಟವಾಗಿ ಬದಲಾಗುವ ಹಂತ), ಶೇ. 5 ಮಾತ್ರ ಬಲಿತದ್ದು. ನಮ್ಮ ಕಣ್ಣಿಗೆ ಬೀಳುವುದು ಆ ಕೊನೆಯ ಐದು. ಕಷ್ಟದ್ದು ಪ್ಯೂಪಾ. ಅಂಟು ಗೂಡಿನೊಳಗೆ ಔಷಧ ಸರಿಯಾಗಿ ಹೋಗುವುದಿಲ್ಲ. ತಿಂಗಳುಗಟ್ಟಲೆ ಕಾದು, ಹೆಜ್ಜೆಯ ನಡುಕ, ಮೈಯ ಬಿಸಿ, ಉಸಿರಿನ ಕಾರ್ಬನ್ ಡೈಆಕ್ಸೈಡ್ ತಟ್ಟಿದ ಕೂಡಲೇ ಹೊರಬರುತ್ತದೆ. ರಜೆ ಮುಗಿಸಿ ಬೀಗ ತೆಗೆದ ಮನೆಯಲ್ಲಿ ಕಾಲಿಗೆ ಚಿಗಟ ಮುತ್ತುವುದು ಇದಕ್ಕೇ.

ಹವಾಮಾನದ ಮಾತು ಬೇಗ ಹೇಳಿಬಿಡುತ್ತೇನೆ. ಗಾಳಿಯ ತೇವ ಶೇ. 50ಕ್ಕಿಂತ ಕೆಳಗಿಳಿದರೆ ಚಿಗಟದ ಮರಿಹುಳು ಒಣಗಿ ಸಾಯುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ, ಬೆಳಗಾವಿಯ ಮಳೆಗಾಲ ಆಗಿಬರುತ್ತದೆ. ಕಂದು ಉಣ್ಣಿ ಮಾತ್ರ ಒಣ ಸೆಕೆಯನ್ನೂ ತಡೆಯುತ್ತದೆ.

ಈಗ ಸಂಶೋಧನೆ. ಒಂದು ಔಷಧ "ಶೇ. 95 ಪರಿಣಾಮಕಾರಿ" ಅಂತ ಬರೆದಿರುತ್ತದೆ. ಆ 95 ಎಲ್ಲಿಂದ ಬಂತು? 1925ರಲ್ಲಿ ಅಬಟ್ ಎಂಬವರು ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತಿದೆ. ನಾಯಿಗಳ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ ಕೊಡುತ್ತಾರೆ, ಇನ್ನೊಂದಕ್ಕೆ ಇಲ್ಲ. ಎರಡಕ್ಕೂ ಎಣಿಸಿದ ಉಣ್ಣಿ ಬಿಡುತ್ತಾರೆ, ಸಾಮಾನ್ಯವಾಗಿ ನಾಯಿಗೆ 50. ಚಿಗಟವಾದರೆ 100. ಆಮೇಲೆ, ಬಹಳ ಸಲ 48 ಗಂಟೆಯ ನಂತರ, ಬಾಚಿ ಎಣಿಸುತ್ತಾರೆ. ಔಷಧ ಕೊಡದ ಗುಂಪಿನ ಸರಾಸರಿಯಿಂದ ಕೊಟ್ಟ ಗುಂಪಿನ ಸರಾಸರಿ ಕಳೆಯಿರಿ, ಬಂದದ್ದನ್ನು ಕೊಡದ ಗುಂಪಿನ ಸರಾಸರಿಯಿಂದ ಭಾಗಿಸಿ, 100ರಿಂದ ಗುಣಿಸಿ. ಅಲ್ಲಿ ಸರಾಸರಿ 20, ಇಲ್ಲಿ 1 ಉಳಿದರೆ ಶೇ. 95.

ಸುಲಭ ಅಲ್ವಾ? ಆದರೆ ಸರಾಸರಿ ಯಾವುದು ಅಂತ ಕೇಳಿ. ಲೆಕ್ಕಕ್ಕಾಗಿ ನಾನೇ ಕಟ್ಟಿದ ಉದಾಹರಣೆ: ಔಷಧ ಕೊಟ್ಟ ಎಂಟು ನಾಯಿಗಳಲ್ಲಿ ಏಳರ ಮೇಲೆ ಸೊನ್ನೆ, ಒಂದರ ಮೇಲೆ 16 ಉಣ್ಣಿ. ಕೊಡದ ಎಂಟರಲ್ಲೂ ತಲಾ 20. ಮಾಮೂಲಿ ಸರಾಸರಿ ಹಿಡಿದರೆ 2, ಅಂದರೆ ಶೇ. 90. ಜ್ಯಾಮಿತೀಯ ಸರಾಸರಿ ಹಿಡಿದರೆ (ಎಂಟು ಸಂಖ್ಯೆಗಳನ್ನು ಒಂದಕ್ಕೊಂದು ಗುಣಿಸಿ ಎಂಟನೇ ಮೂಲ ತೆಗೆಯುವುದು; ಸೊನ್ನೆ ಇರುವುದರಿಂದ ಎಲ್ಲಕ್ಕೂ 1 ಕೂಡಿಸಿ, ಕೊನೆಗೆ ಕಳೆಯುತ್ತಾರೆ) ಸುಮಾರು 0.42, ಅಂದರೆ ಶೇ. 98 ಹತ್ತಿರ. ಅದೇ ನಾಯಿ, ಅದೇ ಉಣ್ಣಿ! ಆ 16 ಉಣ್ಣಿಯ ನಾಯಿ ನಿಮ್ಮದೇ ಆದರೆ ಯಾವ ಲೆಕ್ಕ ನಿಜ ಅನ್ನಿಸುತ್ತದೆ? ನನ್ನ ಮಟ್ಟಿಗೆ ಮಾಮೂಲಿ ಸರಾಸರಿಯೇ ಪ್ರಾಮಾಣಿಕ.

ಇನ್ನೊಂದು, ಪ್ರಯೋಗದ ನಾಯಿಗಳು ಸ್ವಚ್ಛ ಪಂಜರದಲ್ಲಿ ಇರುತ್ತವೆ. ಅಲ್ಲಿ ಕಲ್ಲಿನ ಗೋಡೆಯೂ ಇಲ್ಲ, ಕೌದಿಯೂ ಇಲ್ಲ. ಮೈ ಮೇಲಿನ ಉಣ್ಣಿ ಎಷ್ಟು ಸತ್ತವು ಅನ್ನುವುದಷ್ಟೇ ಆ 95ರ ಅರ್ಥ. ಕಾಕಾನ ಔಷಧ ಡುಪ್ಲಿಕೇಟ್ ಆಗಿರಬೇಕಿಲ್ಲ. ಅದು ಮೈ ಮೇಲೆ ಕೊಂದಷ್ಟೂ ಗೋಡೆ ಹೊಸದನ್ನು ಕಳಿಸುತ್ತಿತ್ತು. ಹಾಗಂತ ಔಷಧ ಯಾವತ್ತೂ ಸೋಲುವುದಿಲ್ಲ ಅಂತಲೂ ಅಲ್ಲ. ಪರ್ಮೆಥ್ರಿನ್‌ನಂಥ ಹಳೇ ಔಷಧಗಳಿಗೆ ಜಗ್ಗದ ಕಂದು ಉಣ್ಣಿಗಳು ಅಮೆರಿಕದ ಫ್ಲಾರಿಡಾದಲ್ಲಿ ಸಿಕ್ಕಿವೆ.

ಔಷಧಗಳನ್ನು ಹೆಸರಿಗಿಂತ ಕೆಲಸ ಮಾಡುವ ರೀತಿಯಿಂದ ನೆನಪಿಡಿ. ಫಿಪ್ರೊನಿಲ್ ಕೀಟದ ನರದಲ್ಲಿ ಕ್ಲೋರೈಡ್ ಹಾದುಹೋಗುವ ಬಾಗಿಲನ್ನು ಮುಚ್ಚುತ್ತದೆ. ನರ ಅಂಕೆ ತಪ್ಪಿ ಕೀಟ ಸಾಯುತ್ತದೆ. ಮೆಥೊಪ್ರೀನ್, ಪೈರಿಪ್ರಾಕ್ಸಿಫೆನ್ ದೊಡ್ಡ ಚಿಗಟವನ್ನು ಅಷ್ಟಾಗಿ ಮುಟ್ಟುವುದಿಲ್ಲ, ಮೊಟ್ಟೆ-ಮರಿ ಬೆಳೆಯದಂತೆ ಮಾಡುತ್ತವೆ. ಮೊಟ್ಟೆ, ಮರಿಹುಳು ಸೇರಿ ಶೇ. 85 ಅನ್ನುವ ಮೇಲಿನ ಲೆಕ್ಕ ನೆನಪಿದ್ದರೆ ಇವುಗಳ ಬೆಲೆ ಗೊತ್ತಾಗುತ್ತದೆ. 2013ರಿಂದ ಈಚೆಗೆ ಬಂದ ಅಫಾಕ್ಸೊಲಾನರ್, ಫ್ಲುರಲಾನರ್ ಗುಂಪಿನ ಮಾತ್ರೆಗಳೂ ಕ್ಲೋರೈಡ್ ಬಾಗಿಲನ್ನೇ ಹಿಡಿಯುತ್ತವೆ, ಆದರೆ ಬೇರೆ ಜಾಗದಲ್ಲಿ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಗುಂಪಿನ ಬಗ್ಗೆ ಎಚ್ಚರಿಕೆ ಕೊಟ್ಟಿತು: ಕೆಲವು ಪ್ರಾಣಿಗಳಲ್ಲಿ ನಡುಕ, ಫಿಟ್ಸ್ ಕಾಣಬಹುದು. ಫಿಟ್ಸ್ ಇರುವ ನಾಯಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಮಾತ್ರೆಗೆ ಒಂದು ಮಿತಿ ಇದೆ. ಉಣ್ಣಿ ಕಚ್ಚಿ ರಕ್ತ ಕುಡಿದ ಮೇಲೆಯೇ ಸಾಯುವುದು. ಉಣ್ಣಿ ಜ್ವರ ತರುವ ಬ್ಯಾಕ್ಟೀರಿಯಾ ಎರ್ಲಿಕಿಯಾ ಕ್ಯಾನಿಸ್, 1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಕಂಡದ್ದು, ಕಚ್ಚಿದ ಮೂರೇ ಗಂಟೆಯಲ್ಲಿ ದಾಟಬಲ್ಲದು ಅಂತ 2013ರ ಒಂದು ಪ್ರಯೋಗ ತೋರಿಸಿತು. ಉಣ್ಣಿಯಿಂದಲೇ ಹರಡುವ ರಕ್ತದ ಪರೋಪಜೀವಿ ಬಬೇಸಿಯಾಕ್ಕೆ ಸಾಮಾನ್ಯವಾಗಿ ಇನ್ನೂ ಜಾಸ್ತಿ ಹೊತ್ತು ಬೇಕು. ಹಾಗಾಗಿ "48 ಗಂಟೆಯಲ್ಲಿ ಸಾಯುತ್ತದೆ" ಅನ್ನುವ ಮಾತು ಎಲ್ಲ ರೋಗಕ್ಕೂ ಸಾಲದು. ಕಚ್ಚುವ ಮೊದಲೇ ಓಡಿಸುವ ಪರ್ಮೆಥ್ರಿನ್, ಫ್ಲುಮೆಥ್ರಿನ್ ಕುತ್ತಿಗೆ ಪಟ್ಟಿಗಳಿಗೆ ಇನ್ನೂ ಜಾಗ ಇರುವುದು ಇದಕ್ಕೆ.

ಆದರೆ ಪರ್ಮೆಥ್ರಿನ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನಮ್ಮ ಓಣಿಯ ಒಂದು ಅಂಗಡಿಯಲ್ಲಿ "ಬೆಕ್ಕಿಗೂ ನಡೀತದ, ಅರ್ಧ ಹಾಕ್ರಿ" ಅಂತ ಕೊಟ್ಟಿದ್ದರು. ಅವ್ವ ಹಾಕಿದಳು. ಸಂಜೆ ಹೊತ್ತಿಗೆ ಬೆಕ್ಕು ಥರಥರ ನಡುಗುತ್ತಿತ್ತು. ಸೋಪಿನ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಿದೆವು, ಬದುಕಿತು. ಅವತ್ತಿನಿಂದ ಬಾಟಲಿ ಮೇಲಿನ ನಾಯಿಯ ಚಿತ್ರವನ್ನು ಅವ್ವ ಎರಡು ಸಲ ನೋಡುತ್ತಾಳೆ.

ಕಾಕಾನ ಮನೆಯಲ್ಲಿ ಮಾಡಿದ್ದು ಇಷ್ಟು. ಗೋಡೆ ಸಂದಿಗಳಿಗೆ ಸಿಮೆಂಟ್ ತುಂಬಿಸಿದೆವು. ಕೌದಿಯನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿದೆವು. ಪಕ್ಕದ ಮನೆಯ ನಾಯಿಗೂ ಅದೇ ದಿನ ಔಷಧ ಹಾಕಿಸಿದೆವು, ಇದಕ್ಕೆ ಮಾತ್ರ ಬಹಳ ಮಾತು ಬೇಕಾಯಿತು. ಚಿಮಣಿ ಎಣ್ಣೆ ಸವರುವುದು, ಬೀಡಿ ಚುಚ್ಚುವುದು ಬಿಡಿಸಿದೆವು. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯುವುದು, ಬೆರಳಲ್ಲಿ ಒಡೆಯದೆ ಸೋಪಿನ ನೀರಿಗೆ ಹಾಕುವುದು. ಉಣ್ಣಿಯ ಮೊಟ್ಟೆಯಿಂದ ಮೊಟ್ಟೆಯವರೆಗಿನ ಒಂದು ಸುತ್ತು ಮುಗಿಯಲು ಎರಡು-ಮೂರು ತಿಂಗಳಾದರೂ ಬೇಕು ಅಂತ ಮೊದಲೇ ಹೇಳಿದ್ದೆ.

ಕಾಕಾ ಈಗ ಡೇರಿಯ ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಪ್ರತಿ ಭಾನುವಾರ ಉಣ್ಣಿ ಎಣಿಸಿ ಬರೆಯುತ್ತಾರೆ. ಮೊದಲ ವಾರ 31 ಇತ್ತು. ಮೊನ್ನೆ ಫೋನ್ ಮಾಡಿ, "ಎರಡ ಅದಾವು, ಎರಡೂ ಬಲಗಿವಿಯಾಗ" ಅಂದರು.