ಬೆಂಗಳೂರಲ್ಲಿ ಸಿಗುವ ಗೇಮ್ ಜರ್ಮನಿಯಲ್ಲಿ ಯಾಕೆ ಸಿಗಲ್ಲ?

ಪ್ರಶ್ನೆ: ಓದೋಕೆ ಅಂತ ಜರ್ಮನಿಗೆ ಬಂದಿದ್ದೇನೆ. ಊರಲ್ಲಿರುವ ಗೆಳೆಯನಿಗೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕಾಣುವ ಕೆಲವು ಗೇಮ್‌ಗಳು ನನಗಿಲ್ಲಿ ಕಾಣೋದೇ ಇಲ್ಲ. ಇದು ಬರೀ ಡೌನ್‌ಲೋಡ್ ಅಲ್ವಾ, ಇದಕ್ಕೂ ಗಡಿ ಯಾಕೆ?

ಉತ್ತರ: ಫೈಲ್ ಎಲ್ಲಿಗೆ ಬೇಕಾದರೂ ಹೋಗುತ್ತದೆ, ನಿಜ. ಆದರೆ ಮಾರುವ ಅನುಮತಿ ಅದರ ಜೊತೆ ಹೋಗುವುದಿಲ್ಲ. ವಯಸ್ಸಿನ ರೇಟಿಂಗ್, ಕಾನೂನು, ಹಣ ಪಾವತಿ, ಯಾವ ದೇಶದಲ್ಲಿ ಯಾರು ಮಾರಬೇಕು ಅನ್ನುವ ಒಪ್ಪಂದ, ಇವೆಲ್ಲ ಒಂದೊಂದು ದೇಶಕ್ಕೂ ಬೇರೆ ಬೇರೆ. ಇದರಲ್ಲಿ ಒಂದು ತಪ್ಪಿದರೂ ಗೇಮ್ ಆ ದೇಶದ ಪಟ್ಟಿಯಿಂದ ಹೊರಗೆ.

ನಿಮ್ಮ ವಿಷಯದಲ್ಲಿ ಕಾರಣ ಬಹುಶಃ ರೇಟಿಂಗ್. 2024ರ ನವೆಂಬರ್ 15ರಿಂದ, ವಯಸ್ಸಿನ ರೇಟಿಂಗ್ ಇಲ್ಲದ ಗೇಮ್‌ಗಳನ್ನು ಸ್ಟೀಮ್ ಜರ್ಮನಿಯ ಗ್ರಾಹಕರಿಗೆ ತೋರಿಸುತ್ತಿಲ್ಲ. ಮಕ್ಕಳ ರಕ್ಷಣೆಗಾಗಿ ಅಲ್ಲಿರುವ ಕಾನೂನು ಹಾಗಿದೆ. ರೇಟಿಂಗ್ ಪಡೆಯುವುದು ದೊಡ್ಡ ಕೆಲಸವೇನಲ್ಲ. ಗೇಮ್ ಮಾಡಿದವರು ಸ್ಟೀಮ್‌ನಲ್ಲೇ ಒಂದು ಫಾರ್ಮ್ ತುಂಬಿ, ಹಿಂಸೆ ಎಷ್ಟಿದೆ, ಜೂಜಿನಂಥದ್ದು ಇದೆಯಾ ಅಂತ ಉತ್ತರಿಸಿದರೆ ಸಾಕು. ಆದರೆ ಹತ್ತು ವರ್ಷದ ಹಿಂದೆ ಒಬ್ಬರೇ ಕೂತು ಮಾಡಿ, ಆಮೇಲೆ ಆ ಕಡೆ ತಿರುಗಿಯೂ ನೋಡದ ಗೇಮ್‌ಗೆ ಈಗ ಫಾರ್ಮ್ ತುಂಬುವವರು ಯಾರು? ಗೇಮ್‌ನಲ್ಲಿ ತಪ್ಪೇನೂ ಇಲ್ಲದಿದ್ದರೂ ಅದು ಕಣ್ಮರೆಯಾಗುತ್ತದೆ. ನನಗೆ ಜಾಸ್ತಿ ಬೇಜಾರಾಗುವುದು ಇಂಥ ಸಣ್ಣ ಗೇಮ್‌ಗಳ ಬಗ್ಗೆಯೇ.

ಒಳಗಿರುವ ವಿಷಯವೇ ಅಡ್ಡ ಬರುವುದೂ ಉಂಟು. ಜರ್ಮನಿಯಲ್ಲಿ ನಾಜಿ ಚಿಹ್ನೆಗಳ ಮೇಲೆ ಕಟ್ಟುನಿಟ್ಟಾದ ಕಾನೂನಿದೆ. ಹಾಗಾಗಿ 2017ರ ವುಲ್ಫೆನ್‌ಸ್ಟೈನ್ ಗೇಮ್‌ನ ಜರ್ಮನ್ ಆವೃತ್ತಿಯಲ್ಲಿ ಆ ಚಿಹ್ನೆಗಳನ್ನು ತೆಗೆದರು, ಹಿಟ್ಲರನ ಮೀಸೆಯನ್ನೂ ಬೋಳಿಸಿದರು. ಸಿನಿಮಾಗಳಿಗೆ ಮೊದಲಿಂದಲೂ ಇದ್ದ ವಿನಾಯಿತಿ ಗೇಮ್‌ಗಳಿಗೆ ಸಿಕ್ಕಿದ್ದು 2018ರಲ್ಲಿ, ಅದೂ ಒಂದೊಂದನ್ನೇ ನೋಡಿ ತೀರ್ಮಾನಿಸುವ ಷರತ್ತಿನ ಮೇಲೆ. ಜಪಾನಿನಲ್ಲೂ ಹೀಗೇ. 2022ರಲ್ಲಿ ಅಲ್ಲಿನ ರೇಟಿಂಗ್ ಸಂಸ್ಥೆ ಕೇಳಿದ ಬದಲಾವಣೆ ಮಾಡಲು ಒಪ್ಪದೆ, ಕ್ಯಾಲಿಸ್ಟೋ ಪ್ರೋಟೋಕಾಲ್ ಮಾಡಿದವರು ಆ ದೇಶದಲ್ಲಿ ಬಿಡುಗಡೆಯನ್ನೇ ಕೈಬಿಟ್ಟರು.

ಇವುಗಳ ಹಿಂದೆ ಕಾನೂನಾದರೂ ಇದೆ. ಹೆಲ್‌ಡೈವರ್ಸ್ 2 ವಿಷಯದಲ್ಲಿ ಅದೂ ಇರಲಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಈ ಗೇಮನ್ನು ಜಗತ್ತಿನ ಎಲ್ಲ ಕಡೆ ಜನ ಸ್ಟೀಮ್‌ನಲ್ಲಿ ಕೊಂಡು ಆಡುತ್ತಿದ್ದರು. ಮೇ ತಿಂಗಳಲ್ಲಿ ಈ ಗೇಮ್‌ನ ಪ್ರಕಾಶಕ ಕಂಪನಿ ಸೋನಿ, ಪಿಸಿಯಲ್ಲಿ ಆಡುವವರೂ ತನ್ನ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಅಂತ ಹೇಳಿತು. ಆದರೆ ಫಿಲಿಪ್ಪೀನ್ಸ್, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾದಂಥ ದೇಶಗಳಲ್ಲಿ ಆ ಖಾತೆ ತೆರೆಯುವ ವ್ಯವಸ್ಥೆಯೇ ಇರಲಿಲ್ಲ! ದುಡ್ಡು ಕೊಟ್ಟು ಕೊಂಡವರು ಏನು ಮಾಡಬೇಕು? 170ಕ್ಕೂ ಹೆಚ್ಚು ದೇಶ, ಪ್ರಾಂತ್ಯಗಳಲ್ಲಿ ಗೇಮ್ ಮಾರಾಟವೇ ನಿಂತಿತು. ಆಟಗಾರರು ಸ್ಟೀಮ್‌ನಲ್ಲಿ ಲಕ್ಷಗಟ್ಟಲೆ ಕೆಟ್ಟ ವಿಮರ್ಶೆ ಬರೆದು ಗಲಾಟೆ ಎಬ್ಬಿಸಿದ ಮೇಲೆ, ಕೆಲವೇ ದಿನಗಳಲ್ಲಿ ಸೋನಿ ಆ ನಿಯಮವನ್ನು ವಾಪಸ್ ತಗೊಂಡಿತು. ಭಾರತದಲ್ಲಿ ಪ್ಲೇಸ್ಟೇಷನ್ ಖಾತೆ ಸಿಗುತ್ತದೆ, ಹಾಗಾಗಿ ನಮ್ಮವರಿಗೆ ಇದರ ಬಿಸಿ ತಟ್ಟಲಿಲ್ಲ.

ನಮಗೆ ತಟ್ಟಿದ್ದೂ ಇದೆ. 2008ರಲ್ಲಿ ಫಾಲ್‌ಔಟ್ 3 ಗೇಮನ್ನು ಮೈಕ್ರೋಸಾಫ್ಟ್ ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಸಾಂಸ್ಕೃತಿಕ ಸೂಕ್ಷ್ಮತೆ ಅಂತ ಹೇಳಿತೇ ಹೊರತು ಏನು ಸೂಕ್ಷ್ಮ ಅಂತ ಬಿಡಿಸಿ ಹೇಳಲಿಲ್ಲ. ಗೇಮ್‌ನಲ್ಲಿ ಬರುವ ಎರಡು ತಲೆಯ ಹಸುವಿಗೆ ಬ್ರಾಹ್ಮಿನ್ ಅಂತ ಹೆಸರಿಟ್ಟಿದ್ದೇ ಕಾರಣ ಇರಬೇಕು ಅಂತ ಆಡುವವರೇ ಊಹಿಸಿಕೊಂಡರು. ಪಬ್‌ಜಿ ಕಥೆ ಎಲ್ಲರಿಗೂ ಗೊತ್ತು. 2020ರ ಸೆಪ್ಟೆಂಬರಿನಲ್ಲಿ ನಿಷೇಧ, 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ವಾಪಸ್, 2022ರಲ್ಲಿ ಸ್ಟೋರ್‌ಗಳಿಂದ ಮತ್ತೆ ಮಾಯ, 2023ರ ಮೇನಲ್ಲಿ ಮತ್ತೆ ಹಾಜರ್.

ನನಗೆ ಸಿಟ್ಟು ಬರುವುದು ಒಂದೇ ವಿಷಯಕ್ಕೆ. ಕಾನೂನು, ಒಪ್ಪಂದ, ಕಂಪನಿಯ ಸ್ವಂತ ನಿರ್ಧಾರ, ಕಾರಣ ಯಾವುದೇ ಇರಲಿ, ಕೊಳ್ಳುವವರಿಗೆ ಕಾಣುವುದು 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಅನ್ನುವ ಒಂದೇ ಸಾಲು. ಕಾರಣ ಬರೆದರೆ ಯಾರನ್ನು ಕೇಳಬೇಕು ಅಂತಾದರೂ ಗೊತ್ತಾಗುತ್ತದೆ.

ವಿಪಿಎನ್ ಹಾಕಿ, ಅಂದರೆ ಬೇರೆ ದೇಶದಲ್ಲಿರುವಂತೆ ತೋರಿಸಿಕೊಂಡು, ಭಾರತದ ಸ್ಟೋರಿನಿಂದ ಕೊಳ್ಳಬಹುದಾ ಅಂತ ನಿಮ್ಮ ಮುಂದಿನ ಪ್ರಶ್ನೆ ಇದ್ದರೆ, ಬೇಡ. ಅದು ಸ್ಟೀಮ್ ನಿಯಮಕ್ಕೆ ವಿರುದ್ಧ, ಸುಮ್ನೆ ಖಾತೆ ಕಳ್ಕೊಳ್ಳುವ ಅಪಾಯ ಯಾಕೆ? ಅಲ್ಲೇ ನೆಲೆಸಿದ್ದರೆ ಅಲ್ಲಿಯ ಕಾರ್ಡ್‌ನಿಂದ ಏನಾದರೂ ಕೊಂಡು ಸ್ಟೋರಿನ ದೇಶ ಬದಲಿಸಿಕೊಳ್ಳಿ. ಊರಲ್ಲಿ ಕೊಂಡ ಗೇಮ್‌ಗಳು ಸಾಮಾನ್ಯವಾಗಿ ಲೈಬ್ರರಿಯಲ್ಲಿ ಹಾಗೇ ಇರುತ್ತವೆ.

ಹೊರಗಿನವರಿಂದ ಅಗ್ಗದ ಕೀ (ಗೇಮನ್ನು ಖಾತೆಗೆ ಸೇರಿಸುವ ಕೋಡ್) ಕೊಳ್ಳುವ ಮುಂಚೆ ಅದು ಯಾವ ದೇಶದ್ದು ಅಂತ ನೋಡಿ. ಪೋಲೆಂಡ್, ಚೆಕ್‌ನಂಥ ದೇಶಗಳಲ್ಲಿ ಕೊಂಡ ಕೀಗಳು ಯುರೋಪಿನ ಬೇರೆ ಕಡೆ ಕೆಲಸ ಮಾಡದಂತೆ ತಡೆದಿದ್ದಕ್ಕೆ, 2021ರಲ್ಲಿ ಯುರೋಪಿಯನ್ ಕಮಿಷನ್ ಸ್ಟೀಮ್ ನಡೆಸುವ ವಾಲ್ವ್‌ಗೂ ಐದು ಪ್ರಕಾಶಕ ಕಂಪನಿಗಳಿಗೂ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತ್ತು. ಆದರೆ ಆ ರಕ್ಷಣೆ ಯುರೋಪಿನ ಒಳಗೆ ಮಾತ್ರ. ಭಾರತದ ಕೀ ಜರ್ಮನಿಯಲ್ಲಿ ನಡೆಯದಿದ್ದರೆ ಆ ತೀರ್ಪು ತೋರಿಸಿ ವಾದ ಮಾಡೋಕೆ ಆಗುವುದಿಲ್ಲ.