ಆರ್ಕಿಡ್ ಸಾಯುವುದು ಬಾಯಾರಿ ಅಲ್ಲ

ಹೋದ ವಾರ ಒಬ್ಬ ಮೇಡಂ ಕುಂಡವನ್ನು ಎದೆಗೆ ಅವುಚಿಕೊಂಡು ನಮ್ಮ ನರ್ಸರಿಗೆ ಬಂದರು. ಫೆಲನಾಪ್ಸಿಸ್ ಆರ್ಕಿಡ್. ಎಲೆಗಳು ಜೋತುಬಿದ್ದು ಸುಕ್ಕಾಗಿದ್ದವು. "ದಿನಾ ಒಂದು ಲೋಟ ನೀರು ಹಾಕ್ತೀನಿ ಸರ್, ಆದ್ರೂ ಬಾಡ್ತಿದೆ. ಇನ್ನೂ ಜಾಸ್ತಿ ಹಾಕ್ಬೇಕಾ?"

ಕುಂಡ ಬೋರಲು ಹಾಕಿ ಗಿಡ ತೆಗೆದೆ. ಬೇರೆಲ್ಲ ಕಂದು. ಒಂದನ್ನು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಲೊಳಕ್ಕನೆ ಜಾರಿ ಕೈಗೆ ಬಂತು, ಒಳಗಿನ ದಾರದಂಥ ಎಳೆ ಮಾತ್ರ ಉಳಿಯಿತು. ಎಲೆಗೆ ನೀರು ಸಿಗದೆ ಬಾಡಿದ್ದೇನೋ ನಿಜ. ಆದರೆ ನೀರು ಹೀರಬೇಕಾದ ಬೇರೇ ಕೊಳೆತು ಹೋಗಿತ್ತು. ನನ್ನ ಹತ್ತಿರ ಬರುವ ಬಾಡಿದ ಆರ್ಕಿಡ್‌ಗಳಲ್ಲಿ ಹೆಚ್ಚಿನವುಗಳ ಕತೆ ಇದೇ.

ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನ ಮರಗಳಲ್ಲಿ ಜೋತಾಡುವ ಸೀತಾಳೆ ದಂಡೆ ನೋಡಿದ್ದೀರಲ್ವಾ? ಅದೂ ಆರ್ಕಿಡ್ಡೇ. ಬೇರು ತೊಗಟೆಗೆ ಅಂಟಿಕೊಂಡು ಗಾಳಿಯಲ್ಲೇ ಇರುತ್ತದೆ. ಮಳೆ ಬಂದರೆ ನೆನೆಯುತ್ತದೆ, ನಿಂತರೆ ಒಣಗುತ್ತದೆ. (ಬಂದಳಿಕೆಯ ಹಾಗೆ ಇದೂ ಮರದ ರಸ ಹೀರುತ್ತದೆ ಎಂದು ಕಿತ್ತೆಸೆಯುವವರಿದ್ದಾರೆ. ಪಾಪ, ಅದಕ್ಕೆ ಮರ ಬೇಕಿರುವುದು ಕೂರೋದಕ್ಕೆ ಅಷ್ಟೇ.) ಫೆಲನಾಪ್ಸಿಸ್‌ನ ಬೇರೂ ಇಂಥದ್ದೇ. ಅದರ ಮೇಲೆ ಸ್ಪಂಜಿನಂಥ ಪದರವಿದೆ, ಹೆಸರು ವೆಲಾಮೆನ್. ಒಣಗಿದಾಗ ಬೆಳ್ಳಿ ಬಣ್ಣ, ನೀರು ತಾಗಿದರೆ ನೋಡನೋಡುತ್ತಲೇ ಹಸಿರು.

ಹಾಗಾಗಿ ನೀರು ಹಾಕಲು ವಾರ, ತಾರೀಕು ನೋಡಬೇಡಿ. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿಟ್ಟು ಬೇರು ನೋಡಿ. ಹಸಿರಿದ್ದರೆ ಸುಮ್ನಿರಿ. ಬೆಳ್ಳಗಾದರೆ ಬೆಳಗ್ಗೆ ನಲ್ಲಿ ಕೆಳಗೆ ಹಿಡಿದು ಪೂರ್ತಿ ನೆನೆಸಿ, ನೀರೆಲ್ಲ ಬಸಿದ ಮೇಲೆ ಜಾಗಕ್ಕೆ ಇಡಿ. ತಟ್ಟೆಯಲ್ಲಿ ನೀರು ನಿಲ್ಲಬಾರದು. ಸುಳಿಯಲ್ಲಿ ನಿಂತರೆ ಟಿಶ್ಯೂ ಪೇಪರಿನಿಂದ ಒತ್ತಿ ತೆಗೆಯಿರಿ. ಫೆಲನಾಪ್ಸಿಸ್‌ಗೆ ಸುಳಿ ಒಂದೇ, ಅದು ಕೊಳೆತರೆ ಗಿಡ ಉಳಿಯುವುದು ಕಷ್ಟ.

ಮಣ್ಣು ಬೇಡವೇ ಬೇಡ. ಇದ್ದಿಲು, ಇಟ್ಟಿಗೆ ಚೂರು, ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ಸಾಕು. ಅಂಗಡಿಯಿಂದ ತಂದ ಗಿಡದ ಬೇರಿನ ನಟ್ಟನಡುವೆ ಎಷ್ಟೋ ಸಲ ಒಂದು ಹಿಡಿ ಪಾಚಿ (ನೀರು ಹಿಡಿದಿಡಲು ತುಂಬುವ ಸ್ಫ್ಯಾಗ್ನಂ ಮಾಸ್) ಅಡಗಿರುತ್ತದೆ. ಮೇಲೆ ಒಣಗಿದ್ದರೂ ಒಳಗೆ ಒದ್ದೆ. ಹೂ ಉದುರಿದ ಮೇಲೆ ಅದನ್ನು ಬಿಡಿಸಿ ತೆಗೆಯಿರಿ.

ಬೆಳಕಿಗೆ ಪೂರ್ವದ ಕಿಟಕಿ ಒಳ್ಳೆಯದು. ಎಲೆ ಕಡುಹಸಿರಾದರೆ ಬೆಳಕು ಸಾಲದು, ಕೆಂಪು ತಿರುಗಿದರೆ ಜಾಸ್ತಿಯಾಯಿತು. ಗೊಬ್ಬರಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಪಾಲಿರುವ, ನೀರಲ್ಲಿ ಕರಗುವ ಪುಡಿ), ಲೀಟರ್ ನೀರಿಗೆ ಅರ್ಧ ಗ್ರಾಂ, 15 ದಿನಕ್ಕೊಮ್ಮೆ, ಬೇರು ನೆನೆದ ಮೇಲೆ.

ಊರು ನೋಡಿ ಗಿಡ ಕೊಳ್ಳಿ. ಫೆಲನಾಪ್ಸಿಸ್ ಹೂದಂಟು ಬಿಡಲು ಕೆಲವು ವಾರ ತಂಪು ಬೇಕು. ಬೆಂಗಳೂರಿನ ಚಳಿಗಾಲದಲ್ಲಿ ಅದು ತಾನಾಗಿ ಸಿಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಎಲೆ ಚೆನ್ನಾಗಿ ಬಂದರೂ ಹೂವಿಗೆ ಕಾಯಬೇಕಾಗುತ್ತದೆ. ಅಲ್ಲಿಗೆ ಡೆಂಡ್ರೋಬಿಯಂ ಎಂಬ ಆರ್ಕಿಡ್ ವಾಸಿ. ಅದರ ದಪ್ಪ ಕಾಂಡದಲ್ಲಿ ನೀರಿನ ದಾಸ್ತಾನು ಇರುತ್ತದೆ, ಬಿಸಿಲೂ ಸ್ವಲ್ಪ ಹೆಚ್ಚು ತಾಳುತ್ತದೆ. ಯಾವ ಆರ್ಕಿಡ್ಡನ್ನೂ ಕಾಡಿನಿಂದ ಕಿತ್ತು ತರಬೇಡಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣ, ಜೊತೆಗೆ ಸರಿಯಾದ ಶಿಲೀಂಧ್ರ ಸಿಗದಿದ್ದರೆ ಕಾಡಿನಲ್ಲಿ ಮೊಳೆಯುವುದೇ ಇಲ್ಲ.

ಆ ಮೇಡಂ ಗಿಡದಲ್ಲಿ ಗಟ್ಟಿ ಬೇರು ಮೂರೇ ಉಳಿದಿದ್ದವು. ಕೊಳೆತದ್ದನ್ನೆಲ್ಲ ಕತ್ತರಿಸಿ, ಪುಟ್ಟ ಕುಂಡದಲ್ಲಿ ಇದ್ದಿಲು ತುಂಬಿ ಕೂರಿಸಿ ಕೊಟ್ಟೆ. "ಎಲೆ ಸುಕ್ಕು ಹೋಯ್ತಾ ಅಂತ ನೋಡ್ತಾ ಕೂರಬೇಡಿ ಮೇಡಂ, ಅದು ಅಷ್ಟು ಬೇಗ ಹೋಗಲ್ಲ. ಬುಡದಲ್ಲಿ ಹೊಸ ಬೇರಿನ ಹಸಿರು ತುದಿ ಕಂಡ್ರೆ ಫೋನ್ ಮಾಡಿ" ಅಂದೆ. ಇನ್ನೂ ಮಾಡಿಲ್ಲ.