ಹಳೆಯ ಪ್ರೋಗ್ರಾಂ ತೋರಿಸಿದರೆ ಪೇಟೆಂಟ್ ಬೀಳುತ್ತದೆಯೇ?

ಪ್ರಶ್ನೆ: ಒಂದು ಸಾಫ್ಟ್‌ವೇರ್ ಪೇಟೆಂಟ್ ಹೇಳುವ ಕೆಲಸವನ್ನು ಅದಕ್ಕೂ ಮೊದಲೇ ಒಂದು ಓಪನ್ ಸೋರ್ಸ್ ಪ್ರೋಗ್ರಾಂ ಮಾಡುತ್ತಿತ್ತು. ಹೊಸತನವಿಲ್ಲ ಎನ್ನಲು ಇಷ್ಟು ಸಾಕೇ?

ಸಾಲದು. ಶೀರ್ಷಿಕೆ, ಸಾರಾಂಶಗಳನ್ನು ಬದಿಗಿಟ್ಟು ಕ್ಲೇಮುಗಳಿಗೆ, ಅಂದರೆ ಯಾವುದರ ಮೇಲೆ ಹಕ್ಕು ಕೇಳಲಾಗಿದೆ ಎಂದು ಹೇಳುವ ವಾಕ್ಯಗಳಿಗೆ, ಹೋಗಿ. ಹಕ್ಕಿನ ಗಡಿ ಇರುವುದು ಅಲ್ಲಿ. ಮೊದಲ ಸ್ವತಂತ್ರ ಕ್ಲೇಮನ್ನು (ಬೇರೆ ಕ್ಲೇಮನ್ನು ಆಧರಿಸದೆ ನಿಲ್ಲುವುದನ್ನು) ಬಿಡಿಬಿಡಿಯಾಗಿ ಒಡೆದು ಕೋಷ್ಟಕದ ಎಡಕ್ಕೆ ಬರೆಯಿರಿ. ಪ್ರತಿ ಅಂಶವೂ ಹಳೆಯದರಲ್ಲಿ ಯಾವ ಫೈಲು, ಯಾವ ಫಂಕ್ಷನ್, ಯಾವ ಪುಟದಲ್ಲಿದೆ ಎಂದು ಬಲಕ್ಕೆ ಬರೆಯಿರಿ.

ಒಂದು ಕ್ಲೇಮು ಹೀಗಿದೆ ಎನ್ನೋಣ: ವಿನಂತಿಯಿಂದ ಹ್ಯಾಶ್ ಕೀಲಿ (ಅದನ್ನು ಗುರುತಿಸುವ ಚಿಕ್ಕ ಸಂಕೇತ) ಲೆಕ್ಕ ಹಾಕುವುದು, ಕ್ಯಾಶ್‌ನಲ್ಲಿ (ಉತ್ತರಗಳನ್ನು ತಾತ್ಕಾಲಿಕವಾಗಿ ಇಡುವ ಜಾಗದಲ್ಲಿ) ಹುಡುಕುವುದು, ಸಿಗದಿದ್ದರೆ ಮಾತ್ರ ಡೇಟಾಬೇಸ್ ಕೇಳುವುದು, ಬಂದ ಉತ್ತರವನ್ನು ಅವಧಿ ಗೊತ್ತುಮಾಡಿ ಕ್ಯಾಶ್‌ನಲ್ಲಿಡುವುದು. ಹಳೆಯ ಪ್ರೋಗ್ರಾಂ ಉತ್ತರವನ್ನು ಕ್ಯಾಶ್‌ನಲ್ಲಿಟ್ಟರೂ ಅವಧಿ ಹಾಕುತ್ತಿರಲಿಲ್ಲವೇ? ಹಾಗಾದರೆ ಹೊಸತನವಿಲ್ಲ ಎಂಬ ವಾದ ಅಲ್ಲಿಗೇ ನಿಂತಿತು; ಅದಕ್ಕೆ ಎಲ್ಲ ಅಂಶಗಳೂ ಒಂದೇ ಹಳೆಯ ದಾಖಲೆಯಲ್ಲಿರಬೇಕು. ಅವಧಿಯ ವಿಷಯ ಬೇರೊಂದು ಲೇಖನದಲ್ಲಿದೆ ಎಂದು ಎರಡನ್ನೂ ಜೋಡಿಸಿದರೆ, ಅದು ‘ತಜ್ಞರಿಗೆ ಸಹಜವಾಗಿ ಹೊಳೆಯುವಂಥದ್ದು’ ಎಂಬ ಬೇರೆಯೇ ವಾದವಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಎಲ್ಲ ಅಂಶಗಳೂ ಒಂದೇ ದಾಖಲೆಯಲ್ಲಿದ್ದರೂ ಕ್ಲೇಮಿನಲ್ಲಿರುವಂತೆಯೇ ಒಂದಕ್ಕೊಂದು ಜೋಡಣೆಗೊಂಡಿರಬೇಕು. ಪೇಟೆಂಟ್ ಮೇಲ್ಮನವಿಗಳನ್ನು ಕೇಳುವ ಅಮೆರಿಕದ ಫೆಡರಲ್ ಸರ್ಕಿಟ್ ನ್ಯಾಯಾಲಯ 2008ರ ನೆಟ್ ಮನಿಇನ್–ವೆರಿಸೈನ್ ಪ್ರಕರಣದಲ್ಲಿ ಇದನ್ನೇ ಹೇಳಿತು: ಒಂದೇ ದಾಖಲೆ ವಿವರಿಸಿದ ಎರಡು ಪ್ರತ್ಯೇಕ ಪಾವತಿ ವಿಧಾನಗಳಿಂದ ತುಣುಕುಗಳನ್ನು ಆಯ್ದು ಕೂಡಿಸುವಂತಿಲ್ಲ.

ಬರೆಯದೇ ಇದ್ದದ್ದೂ ಲೆಕ್ಕಕ್ಕೆ ಬರಬಹುದು. ಆದರೆ ಆ ಅಂಶ ಅಲ್ಲಿ ಇದ್ದೇ ತೀರಬೇಕು. ಇದ್ದಿರಬಹುದು ಎಂಬ ಊಹೆ ನಡೆಯದು. ಇನ್ನೊಂದು, ವ್ಯಾಪ್ತಿ: ಹಳೆಯದು ‘ಎಸ್‌ಎಚ್‌ಎ-1’ ಎಂಬ ಒಂದು ನಿರ್ದಿಷ್ಟ ಹ್ಯಾಶ್ ವಿಧಾನ ಬಳಸಿದ್ದರೆ ‘ಯಾವುದೇ ಹ್ಯಾಶ್’ ಎಂಬ ಅಂಶಕ್ಕೆ ಅದು ಸಾಕು. ಹಳೆಯದು ಬರೀ ‘ಹ್ಯಾಶ್’ ಎಂದಿದ್ದು ಕ್ಲೇಮು ‘ಎಸ್‌ಎಚ್‌ಎ-1’ ಎಂದಿದ್ದರೆ ಸಾಮಾನ್ಯವಾಗಿ ಸಾಲದು.

ದಿನಾಂಕವನ್ನು ಜೋಪಾನವಾಗಿ ನೋಡಿ. ಹೋಲಿಸಬೇಕಾದದ್ದು ಪೇಟೆಂಟ್ ಮಂಜೂರಾದ ದಿನಕ್ಕಲ್ಲ, ಆದ್ಯತಾ ದಿನಾಂಕಕ್ಕೆ, ಅಂದರೆ ಆ ಆವಿಷ್ಕಾರಕ್ಕೆ ಮೊದಲ ಅರ್ಜಿ ಸಲ್ಲಿಸಿದ ದಿನಕ್ಕೆ. ಗಿಟ್ ಕಮಿಟ್‌ನ (ಕೋಡಿನ ಬದಲಾವಣೆಗಳನ್ನು ಉಳಿಸಿಡುವ ‘ಗಿಟ್’ ಸಾಧನದ ಒಂದು ದಾಖಲೆಯ) ದಿನಾಂಕ ಬರೆದವರ ಕಂಪ್ಯೂಟರಿನ ಗಡಿಯಾರದಿಂದ ಬರುತ್ತದೆ, ಬದಲಿಸಲೂ ಬಹುದು; ಕೋಡ್ ಅಂದೇ ಸಾರ್ವಜನಿಕವಾಗಿತ್ತು ಎಂದು ಅದೊಂದೇ ಸಾಬೀತು ಮಾಡದು. ಬಿಡುಗಡೆ ಪ್ರಕಟಣೆ, ಹಳೆಯ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮೆಷಿನ್ ತಾಣದ ಪ್ರತಿಗಳನ್ನು ಜೊತೆಗಿಡಿ. ಸಂಶೋಧಕರೇ ಮೊದಲು ಪ್ರಕಟಿಸಿದ್ದರೆ ಅಮೆರಿಕದಲ್ಲಿ ಅವರಿಗೆ ಅರ್ಜಿ ಹಾಕಲು 1 ವರ್ಷದ ರಿಯಾಯಿತಿ ಇದೆ; ಯುರೋಪಿನಲ್ಲಿ ಅಂಥ ಸಾಮಾನ್ಯ ರಿಯಾಯಿತಿ ಇಲ್ಲ.

ಮೊದಲ ಕ್ಲೇಮು ಬಿದ್ದರೂ ಕೋಷ್ಟಕ ಮುಚ್ಚಬೇಡಿ. ಅವಲಂಬಿತ ಕ್ಲೇಮು, ಅಂದರೆ ಮೊದಲಿನದನ್ನು ಆಧರಿಸಿದ ಕ್ಲೇಮು, ಸೇರಿಸುವ ಒಂದೇ ಒಂದು ಹೆಚ್ಚುವರಿ ಅಂಶ ಹಳೆಯದರಲ್ಲಿ ಇಲ್ಲದಿದ್ದರೂ ಆ ಕ್ಲೇಮಿನ ಹೊಸತನ ಉಳಿಯುತ್ತದೆ.